ಗಂಗೆಯ ದೋಣಿ, ತುಂಗೆಯ ದಡ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



'ಪರದೇಶದಲ್ಲಿ ನನ್ನ ಅನುಭವ' ಎಂಬ ವಿಷಯದ ಮೇಲೆ ಮಾತಾಡಿ ಎಂದು ಸಮಿತಿಯವರು ಪತ್ರ ಬರೆದಿದ್ದರು. ನನಗಿಂತ ಮೊದಲು ಮಾತಾಡಿದ ಇಬ್ಬರು ಅಮೆರಿಕದ ಹಿಮವನ್ನೂ ದುಬೈಯ ಬಿಸಿಲನ್ನೂ ನಿಮ್ಮ ಕಣ್ಣಿಗೆ ಕಟ್ಟಿಸಿದರು. ನಾನು ಅಷ್ಟು ದೂರ ಹೋದವನಲ್ಲ. ಡಿಪ್ಲೊಮಾ ಮುಗಿಸಿ ದೆಹಲಿಯ ಪಕ್ಕದ ನೋಯ್ಡಾಕ್ಕೆ ಹೋದೆ, ನೀರೆತ್ತುವ ಪಂಪುಗಳ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲೇ ಉಳಿದೆ. ಮೊದಲ ಎರಡು ವರ್ಷ ನನಗೆ ಅದೇ ಪರದೇಶ. ಹಿಂದಿ ಬರುತ್ತಿರಲಿಲ್ಲ, ಕುಚ್ಚಲಕ್ಕಿ ಸಿಗುತ್ತಿರಲಿಲ್ಲ, ಜನವರಿಯ ಚಳಿಯಲ್ಲಿ ಕಂಬಳಿ ಹೊದ್ದು ಊರು ನೆನೆಸಿ ಅತ್ತದ್ದೂ ಉಂಟು. ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಇನ್ನೊಬ್ಬರ ಪರದೇಶದ ಕಥೆಯಿಂದ ಶುರುವಾಗುತ್ತದೆ. ಅವರಿಗೆ ನಮ್ಮ ಇಂಡಿಯಾವೇ ಪರದೇಶ.

2010ರಲ್ಲಿ ನಮ್ಮ ಕಂಪನಿಗೆ ನ್ಯೂಜಿಲೆಂಡಿನಿಂದ ಒಬ್ಬ ಹೆಣ್ಣುಮಗಳು ಎರಡು ವರ್ಷದ ಮಟ್ಟಿಗೆ ಕೆಲಸಕ್ಕೆ ಬಂದರು. ವಯಸ್ಸು ಐವತ್ತೈದು ದಾಟಿತ್ತು. ಪಂಪಿನ ಒಳಗೆ ನೀರು ಹೇಗೆ ತಿರುಗುತ್ತದೆ ಎನ್ನುವುದರಲ್ಲಿ ಅವರಷ್ಟು ತಿಳಿದವರನ್ನು ನಾನು ನೋಡಿಲ್ಲ. ಹೆಸರು ಹಿಡಿದು ಕರೆಯಿರಿ ಎಂದು ಅವರು ಎಷ್ಟು ಸಲ ಹೇಳಿದರೂ ನನ್ನ ನಾಲಿಗೆ ಏಳಲಿಲ್ಲ. ಕೊನೆಯವರೆಗೂ 'ಮೇಡಂ' ಎಂದೇ ಕರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಧೂಳು, ಹಾರ್ನು, ಖಾರ ಇವೆಲ್ಲ ಅವರಿಗೆ ಆರು ತಿಂಗಳಲ್ಲಿ ಒಗ್ಗಿದವು. ಒಗ್ಗದೆ ಉಳಿದದ್ದು ಒಂದೇ, ಹತ್ತಿರದಲ್ಲಿ ಹರಿಯುವ ಹೊಳೆ ಇಲ್ಲದಿರುವುದು. ಯಮುನೆ ಇದೆಯಲ್ಲ ಎಂದು ನಾನು ತೋರಿಸಿದೆ. ಓಖ್ಲಾದ ಹತ್ತಿರ ಆ ಬಿಳಿ ನೊರೆ ನೋಡಿ ಅವರು ಏನೂ ಹೇಳಲಿಲ್ಲ, ಕಾರಿನ ಕಿಟಕಿ ಏರಿಸಿದರು.

2011ರ ನವೆಂಬರಿನಲ್ಲಿ ಅವರೇ ಒಂದು ಯೋಜನೆ ಹಾಕಿದರು. ಆಫೀಸಿನ ಎಂಟು ಜನ ಋಷಿಕೇಶಕ್ಕೆ ಹೋಗಿ ಗಂಗೆಯಲ್ಲಿ ರಾಫ್ಟಿಂಗ್ ಮಾಡುವುದು. ರಾಫ್ಟ್ ಎಂದರೆ ಗಾಳಿ ತುಂಬಿದ ರಬ್ಬರ್ ದೋಣಿ. ಎಂಟು ಜನ ಎರಡು ಬದಿಗೆ ಕೂತು ಹುಟ್ಟು ಹಾಕುತ್ತಾರೆ, ಹಿಂದೆ ಗೈಡ್ ಕೂತು ದಿಕ್ಕು ನೋಡಿಕೊಳ್ಳುತ್ತಾನೆ. ನನಗೆ ಈಜು ಬರುವುದಿಲ್ಲ ಎಂದೆ. "ಹೊಳೆದಂಡೆಯ ಊರಿನವನು ಎಂದಿರಲ್ಲ!" ಎಂದು ಅವರು ಆಶ್ಚರ್ಯಪಟ್ಟರು. ಹೌದು ಮೇಡಂ, ಆದರೂ ಬರುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ. ಇಲ್ಲಿ ಕೂತಿರುವ ನನ್ನ ಬ್ಯಾಚಿನವರಿಗೆ ಆ ಕಾರಣ ಗೊತ್ತು.

ಅಮ್ಮನಿಗೆ ಫೋನ್ ಮಾಡಿ ಗಂಗಾಸ್ನಾನಕ್ಕೆ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದೆ. 'ಗಂಗಾ ಸ್ನಾನ, ತುಂಗಾ ಪಾನ' ಎಂದು ನಮ್ಮ ಕಡೆ ಹೇಳುತ್ತಾರಲ್ಲ. ಹುಟ್ಟಿದ್ದರಿಂದ ತುಂಗೆಯ ನೀರು ಕುಡಿದವನಿಗೆ ಇನ್ನು ಆ ಒಂದು ಬಾಕಿ ಇತ್ತು ಎಂದು ಅಮ್ಮನಿಗೆ ಬಹಳ ಸಂತೋಷವಾಯಿತು. ಒಂದು ಕ್ಯಾನು ಗಂಗಾಜಲ ತಾ ಎಂದರು.

ದೆಹಲಿಯಿಂದ ಋಷಿಕೇಶಕ್ಕೆ ಸುಮಾರು 240 ಕಿಲೋಮೀಟರ್. ರಾತ್ರಿ ಟೆಂಪೊ ಟ್ರಾವೆಲರಿನಲ್ಲಿ ಹೊರಟು ಬೆಳಗಿನ ಜಾವ ಹರಿದ್ವಾರ ದಾಟಿದೆವು. ದಾರಿಯಲ್ಲಿ ಮೇಡಂ ತಮ್ಮ ದೇಶದ ಎಡ್ಮಂಡ್ ಹಿಲರಿಯ ಸುದ್ದಿ ಹೇಳಿದರು. ಎವರೆಸ್ಟ್ ಹತ್ತಿದ ಹಿಲರಿಯನ್ನು ನಾವು ಸಮಾಜ ಪಾಠದಲ್ಲಿ ಓದಿದ್ದೆವು. ಅದೇ ಹಿಲರಿ 1977ರಲ್ಲಿ ಜೆಟ್ ದೋಣಿಗಳಲ್ಲಿ ಬಂಗಾಳದ ಗಂಗಾಸಾಗರದಿಂದ ಹೊರಟು ಗಂಗೆಯ ಹರಿವಿಗೆ ಎದುರಾಗಿ ಹಿಮಾಲಯದವರೆಗೆ ಬಂದಿದ್ದರಂತೆ. ನಂದಪ್ರಯಾಗದ ಹತ್ತಿರ ಒಂದು ಜಲಪಾತ ಅಡ್ಡ ಬಂದು ದೋಣಿ ಅಲ್ಲಿಗೇ ನಿಂತಿತು. ಆ ಜೆಟ್ ದೋಣಿಯೂ ನ್ಯೂಜಿಲೆಂಡಿನದೇ. ಅಲ್ಲಿಯ ಆಳವಿಲ್ಲದ ಕಲ್ಲುಹೊಳೆಗಳಿಗಾಗಿ ಬಿಲ್ ಹ್ಯಾಮಿಲ್ಟನ್ ಎಂಬುವರು 1950ರ ದಶಕದಲ್ಲಿ ರೂಪಿಸಿದ್ದು. ಕೆಳಗೆ ತಿರುಗುವ ರೆಕ್ಕೆ ಇಲ್ಲ, ಒಳಗಿನ ಪಂಪು ನೀರು ಹೀರಿ ಹಿಂದಕ್ಕೆ ಚಿಮ್ಮುತ್ತದೆ. "ಒಟ್ಟಿನಲ್ಲಿ ಅದೂ ನಮ್ಮ ಪಂಪೇ" ಎಂದರು ಮೇಡಂ. ಪಂಪಿನವರು ಎಲ್ಲಿ ಹೋದರೂ ಪಂಪನ್ನೇ ನೋಡುತ್ತಾರೆ.

ಋಷಿಕೇಶದ ಮೇಲೆ ಬೆಟ್ಟದ ಬದಿಯಲ್ಲಿ ಬದರಿಗೆ ಹೋಗುವ ರಸ್ತೆ. ಕೆಳಗೆ ಗಂಗೆ. ನಮ್ಮಲ್ಲಿ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾದ ಹಾಗೆ, ಅಲ್ಲಿ ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿ ಸೇರಿದ ಮೇಲೆಯೇ ಗಂಗೆ ಎಂಬ ಹೆಸರು. ಮಳೆಗಾಲದಲ್ಲಿ ಕೆಂಪಗೆ ತುಂಬಿ ಹರಿಯುವಾಗ ರಾಫ್ಟಿಂಗ್ ನಿಲ್ಲಿಸಿಬಿಡುತ್ತಾರೆ. ನವೆಂಬರಿನಲ್ಲಿ ನೀರು ಹಸಿರು ಗಾಜಿನ ಹಾಗೆ ಇತ್ತು, ಕೈಯಿಟ್ಟರೆ ಮೂಳೆಯವರೆಗೆ ಚಳಿ. ಮರೀನ್ ಡ್ರೈವ್ ಎಂದು ಕರೆಯುವ ಒಂದು ಮರಳದಂಡೆಯಿಂದ ನಾವು ಹೊರಡಬೇಕಿತ್ತು. ಅಲ್ಲಿಂದ ಋಷಿಕೇಶಕ್ಕೆ ನೀರಿನ ದಾರಿಯಲ್ಲಿ ಸುಮಾರು 25 ಕಿಲೋಮೀಟರ್.

ನಮ್ಮ ಗೈಡ್ ಗಢವಾಲದ ಹುಡುಗ, ಇಪ್ಪತ್ತೈದು ವರ್ಷವಿರಬಹುದು. ಮೊದಲು ದಂಡೆಯಲ್ಲಿ ಎರಡು ಊದುಬತ್ತಿ ಹಚ್ಚಿ, ನೀರಿಗೆ ಕೈಮುಗಿದು, ತಲೆಗೆ ಪ್ರೋಕ್ಷಿಸಿಕೊಂಡು 'ಗಂಗಾ ಮೈಯಾ ಕೀ ಜೈ' ಎಂದ. ಆಮೇಲೆ ಒಬ್ಬೊಬ್ಬರ ಮುಂದೆಯೂ ನಿಂತು ಲೈಫ್ ಜಾಕೆಟ್ಟಿನ ಬಕಲ್ಲುಗಳನ್ನು ಬಿಗಿದು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಜಾಕೆಟ್ ಗಲ್ಲದವರೆಗೆ ಜಾರಿ ಬಂದರೆ ಬಿಗಿ ಸಾಲದು ಎಂದರ್ಥ. ಎಲ್ಲರದೂ ಮುಗಿದ ಮೇಲೆ ಇನ್ನೊಂದು ಸಲ ಮೊದಲಿನಿಂದ ನೋಡಿದ. ನಮ್ಮಲ್ಲಿ ಕೆಲವರು ದೇವರ ಮೇಲೆ ಭಾರ ಹಾಕಿ ಜಾಕೆಟ್ ಬಿಡುತ್ತಾರೆ, ಕೆಲವರು ಜಾಕೆಟ್ ಹಾಕಿ ದೇವರನ್ನು ನಗುತ್ತಾರೆ. ಆ ಹುಡುಗ ಎರಡನ್ನೂ ಬಿಟ್ಟಿರಲಿಲ್ಲ. ನನಗೆ ಅವನ ಮೇಲೆ ನಂಬಿಕೆ ಬಂದದ್ದು ಆಗ.

ಆಮೇಲೆ ಇಪ್ಪತ್ತು ನಿಮಿಷ ಪಾಠ. ಹುಟ್ಟಿನ ತುದಿಯಲ್ಲಿ ಅಡ್ಡ ಹಿಡಿಕೆ ಇರುತ್ತದೆ, ಅದನ್ನು ಬಿಡಬೇಡಿ; ಬಿಟ್ಟರೆ ಪಕ್ಕದವರ ಹಲ್ಲು ಉದುರುತ್ತದೆ. 'ಫಾರ್ವರ್ಡ್' ಎಂದರೆ ಎಲ್ಲರೂ ಒಟ್ಟಿಗೆ ಮುಂದಕ್ಕೆ ಹಾಕಿ, 'ಸ್ಟಾಪ್' ಎಂದರೆ ನಿಲ್ಲಿಸಿ, 'ಗೆಟ್ ಡೌನ್' ಎಂದರೆ ದೋಣಿಯ ಒಳಗೆ ಕುಸಿದು ಹಗ್ಗ ಹಿಡಿಯಿರಿ. ಇದೆಲ್ಲ ಹೇಳಿ ಕೊನೆಗೆ, ನೀರಿಗೆ ಬಿದ್ದರೆ ಏನು ಮಾಡಬೇಕು ಎಂದು ಹೇಳಿದ. ಅಂಗಾತ ಮಲಗಿ. ಕಾಲು ಮುಂದೆ, ಅಂದರೆ ನೀರು ಹೋಗುವ ದಿಕ್ಕಿಗೆ. ಕಾಲ್ಬೆರಳು ನೀರಿನ ಮೇಲೆ ನಿಮಗೆ ಕಾಣುತ್ತಿರಬೇಕು. ಅಲೆಯ ತಗ್ಗಿನಲ್ಲಿ ಉಸಿರು ತೆಗೆದುಕೊಳ್ಳಿ, ಅಲೆ ಮುಖಕ್ಕೆ ಬರುವಾಗ ಬಾಯಿ ಮುಚ್ಚಿ. "ಮತ್ತು, ಖಡಾ ಮತ್ ಹೋನಾ" ಎಂದ. ನಿಲ್ಲಬೇಡಿ. ನೀರು ಮೊಣಕಾಲಿನಷ್ಟೇ ಇದ್ದರೂ, ಓಡುವ ನೀರಿನಲ್ಲಿ ನಿಲ್ಲಲು ಹೋಗಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ಹಿಂದಿನಿಂದ ನೀರು ನಿಮ್ಮನ್ನು ಮುಂದಕ್ಕೆ ಮಡಚಿಹಾಕುತ್ತದೆ. ಸೊಂಟದ ನೀರಿನಲ್ಲಿ ಮುಖ ಮುಳುಗುತ್ತದೆ. ಎಂಥ ಪೈಲ್ವಾನನಾದರೂ ಮತ್ತೆ ಏಳಲಾರ.

ಉಳಿದವರು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ನಾನು ಮರಳಿನ ಮೇಲೆ ಕೂತುಬಿಟ್ಟೆ.

ಈಗ ನಮ್ಮೂರಿಗೆ ಬರುತ್ತೇನೆ. 1988. ನಾವು ಹತ್ತನೆಯ ತರಗತಿ. ದಸರಾ ರಜೆ ಮುಗಿದಿತ್ತು, ಶನಿವಾರ, ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದ ಮೇಲೆ ನಾವು ಐದು ಜನ ಹುಡುಗರು ಮನೆಗೆ ಹೋಗದೆ ಹೊಳೆಗೆ ಹೋದೆವು. ಅವನ ಹೆಸರು ಹೇಳುವುದಿಲ್ಲ. ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ನನ್ನ ಬೆಂಚಿನವನು. ಗಣಿತದಲ್ಲಿ ನನಗಿಂತ ಮುಂದು. ಈಜಿನಲ್ಲಂತೂ ನಮ್ಮೆಲ್ಲರ ಗುರು. ಸೋರೆಬುರುಡೆ ಕಟ್ಟಿಕೊಂಡು ಕಲಿತು, ಮಡುವನ್ನು ಅಡ್ಡ ಈಜಿ ಆಚೆ ದಡದ ಪೇರಲೆ ಕಿತ್ತು ತರುತ್ತಿದ್ದವನು. ಆ ದಿನ ಅವನು ಮಡುವಿಗೆ ಹೋಗಲೇ ಇಲ್ಲ. ಕಲ್ಲುಸಾರ ದಾಟುವಾಗ ಪಾಚಿಗೆ ಕಾಲು ಜಾರಿ ಕೆಳಗಿನ ಸೆಳವಿಗೆ ಬಿದ್ದ. ಆಳವಿಲ್ಲದ ಜಾಗ. ಮೊದಲು ನಾವು ನಕ್ಕೆವು. ಅವನು ಉರುಳುತ್ತ ಹೋಗುವುದು ನೋಡಿ ನಾನು ದಡದಲ್ಲಿ ಓಡುತ್ತ ಕೂಗಿದೆ. ಏನು ಕೂಗಿದೆ ಎಂದು ಈ ಮೂವತ್ತಾರು ವರ್ಷದಲ್ಲಿ ನಾನು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. "ಕಾಲೂರೋ! ಸೊಂಟದ ನೀರು ಮಾರಾಯ, ನಿಂತ್ಕೋ! ಕಾಲೂರು!" ಎಂದು ಕೂಗಿದೆ.

ಅವನು ಕೇಳಿಸಿಕೊಂಡ. ಕಾಲೂರಿದ. ಎದ್ದು ನಿಂತ, ಒಂದು ಕ್ಷಣ ನಮ್ಮ ಕಡೆ ನೋಡಿದ. ಆಮೇಲೆ ನಮಸ್ಕಾರ ಮಾಡುವವನ ಹಾಗೆ ಮುಂದಕ್ಕೆ ಬಾಗಿದ. ಮತ್ತೆ ಏಳಲಿಲ್ಲ.

ತೋಟದಿಂದ ದೊಡ್ಡವರು ಓಡಿಬರುವಷ್ಟರಲ್ಲಿ ಹೊತ್ತಾಗಿತ್ತು. ಎತ್ತುವಾಗ ಬಲಗಾಲು ಎರಡು ಕಲ್ಲಿನ ನಡುವೆ ಕಚ್ಚಿಕೊಂಡಿತ್ತು. ಅಷ್ಟು ಚೆನ್ನಾಗಿ ಈಜುವವನು, ಅಷ್ಟು ಕಡಿಮೆ ನೀರಿನಲ್ಲಿ! ಹೊಳೆಯ ಚೌಡಿ ಕಾಲು ಹಿಡಿಯಿತು ಎಂದು ಊರು ಮಾತಾಡಿತು. ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತದೆ ಎಂದರು. ಆ ವರ್ಷ ಚೌಡಿಗೆ ಹರಕೆ ಜೋರಾಗಿ ನಡೆಯಿತು. ಶಾಲೆಯ ನೋಟಿಸ್ ಬೋರ್ಡಿನಲ್ಲಿ 'ವಿದ್ಯಾರ್ಥಿಗಳು ಹೊಳೆಗೆ ಇಳಿಯತಕ್ಕದ್ದಲ್ಲ' ಎಂದು ಬರೆಸಿದರು. ನಮ್ಮ ಮೇಷ್ಟ್ರ ಮೇಲೆ ನನಗೆ ದೂರಿಲ್ಲ. ಅವರೂ ಹೆದರಿದ್ದರು, ಎಲ್ಲರೂ ಹೆದರಿದ್ದೆವು. ನಾನು ಹೊಳೆಯ ದಾರಿಯನ್ನೇ ಬಿಟ್ಟೆ. ಈಜು ಕಲಿಯಲಿಲ್ಲ.

ಚೌಡಿ ನನ್ನ ಮಟ್ಟಿಗೂ ಒಂದು ಸಮಾಧಾನವಾಗಿದ್ದಳು. ಅವಳು ಹಿಡಿದಳು ಎಂದರೆ ಮುಗಿಯಿತು, ಯಾರು ಏನು ಕೂಗಿದರು ಎನ್ನುವ ಪ್ರಶ್ನೆ ಬರುವುದಿಲ್ಲ. ಗಂಗೆಯ ದಂಡೆಯಲ್ಲಿ ಆ ಹುಡುಗ ಮೂರು ವಾಕ್ಯದಲ್ಲಿ ಆ ಸಮಾಧಾನವನ್ನು ಕಿತ್ತುಕೊಂಡ. ಅವನಿಗೆ ಅದು ಗೊತ್ತೂ ಇಲ್ಲ. "ಸಾರ್, ಹೆದರಬೇಡಿ, ಜಾಕೆಟ್ ಇದೆಯಲ್ಲ" ಎಂದು ಹಿಂದಿಯಲ್ಲಿ ಹೇಳಿ ಕೈ ಹಿಡಿದು ಎಬ್ಬಿಸಿದ. ವಾಪಸು ರಸ್ತೆಗೆ ಹತ್ತಿ ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. ಮೇಡಂ ಮುಂದಿನ ಸಾಲಿನಲ್ಲಿ ಎಡಗಡೆ, ನಾನು ಅವರ ಹಿಂದೆ ಕೂತೆ.

ನಾವು ಸೆಳವು ಎನ್ನುವುದನ್ನು ಅವರು ರಾಪಿಡ್ ಎನ್ನುತ್ತಾರೆ. ಅವಕ್ಕೆ ಒಂದರಿಂದ ಆರರವರೆಗೆ ದರ್ಜೆ. ಒಂದು ಎಂದರೆ ಸಣ್ಣ ಅಲೆ, ಆರು ಎಂದರೆ ಹೋಗಲೇಬಾರದ್ದು. ನಮ್ಮ ದಾರಿಯಲ್ಲಿದ್ದವು ಹೆಚ್ಚಾಗಿ ಎರಡು, ಮೂರು, ಒಂದೊಂದು ಅದಕ್ಕಿಂತ ಸ್ವಲ್ಪ ಜೋರು. ಹೆಸರುಗಳೋ, ತ್ರೀ ಬ್ಲೈಂಡ್ ಮೈಸ್, ಕ್ರಾಸ್ ಫೈರ್, ರಿಟರ್ನ್ ಟು ಸೆಂಡರ್, ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್, ಡಬಲ್ ಟ್ರಬಲ್. ಒಂದು ಪಕ್ಕ ಆಶ್ರಮ, ಒಂದು ಪಕ್ಕ ತೀರ್ಥ, ನಡುವೆ ಗಂಗಾಮಾತೆಯ ಮೈಮೇಲೆ ಈ ಹೆಸರುಗಳು! ಅಮ್ಮನಿಗೆ ಆಮೇಲೆ ಹೇಳಿದಾಗ ಒಂದೂ ಅರ್ಥವಾಗಲಿಲ್ಲ, ಆಗದಿದ್ದದ್ದೇ ಒಳ್ಳೆಯದಾಯಿತು.

ಸೆಳವಿನ ಮೊದಲು ನೀರು ಸುಮ್ಮನಾಗುತ್ತದೆ. ಮುಂದೆ ಎಲ್ಲಿಂದಲೋ ಬಸ್ಸು ಬರುವ ಹಾಗೆ ಸದ್ದು. ಅಲ್ಲಿ ಗೈಡ್ ಎದ್ದು ನಿಂತು ನೀರನ್ನು ಓದುತ್ತಿದ್ದ. ಓದುತ್ತಿದ್ದ ಎಂದು ಸುಮ್ಮನೆ ಹೇಳುತ್ತಿಲ್ಲ. ನಯವಾದ ನೀರು ಕೆಳಮುಖವಾಗಿ ಬಾಣದ ಮೊನೆಯ ಹಾಗೆ ಚೂಪಾಗಿದ್ದರೆ ಅದು ಎರಡು ಕಲ್ಲಿನ ನಡುವಿನ ದಾರಿ, ಅಲ್ಲಿ ದೋಣಿ ಹೋಗುತ್ತದೆ. ಮೊನೆ ನಮ್ಮ ಕಡೆಗೇ ಇದ್ದರೆ ಅದರ ತುದಿಯಲ್ಲಿ ಕಲ್ಲು ಅಡಗಿದೆ. ದೊಡ್ಡ ಬಂಡೆಯ ಮೇಲೆ ನೀರು ಹತ್ತಿ ಇಳಿಯುವಲ್ಲಿ, ಬಂಡೆಯ ಹಿಂದೆ ಗುಂಡಿಯಾಗಿ, ನೀರು ಬಿದ್ದಲ್ಲೇ ಮೇಲಕ್ಕೆ ಮಗುಚಿ ಬಂಡೆಯ ಕಡೆಗೇ ವಾಪಸು ಹೊರಳುತ್ತದೆ; ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಉರುಳುತ್ತಿರುತ್ತದೆ. ನೀರಿನ ಮೇಲೆ ತಲೆಯೆತ್ತಿ ನಿಂತ ಬಂಡೆಯ ಮರೆಯಲ್ಲಿ ಮಾತ್ರ ನೀರು ನಿಧಾನ, ದೋಣಿ ಅಲ್ಲಿ ನಿಂತು ದಣಿವಾರಿಸಿಕೊಳ್ಳಬಹುದು. ಮೇಡಂ ಇದನ್ನೆಲ್ಲ ಪಂಪಿನ ಭಾಷೆಯಲ್ಲಿ ನನಗೆ ಬಿಡಿಸಿ ಹೇಳುತ್ತಿದ್ದರು. ನಮ್ಮೂರ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಅಜ್ಜನಿಗೆ ಇದಿಷ್ಟೂ ಗೊತ್ತಿದ್ದಿರಬೇಕು ಎಂದು ನನಗೆ ಹೊಳೆಯಿತು. ನೆರೆಯ ಹೊಳೆಯಲ್ಲಿ ಅವರು ದೋಣಿಯನ್ನು ನೇರ ಬಿಡದೆ ದಡದ ಉದ್ದಕ್ಕೆ ಮೇಲೆ ಹೋಗಿ, ಯಾವುದೋ ಒಂದು ಕಲ್ಲು ನೋಡಿ ಓರೆಯಾಗಿ ಬಿಡುತ್ತಿದ್ದರಲ್ಲ. ನಾವು ದಿನಾ ಆ ದೋಣಿಯಲ್ಲಿ ಶಾಲೆಗೆ ಬಂದೆವು. ಅಜ್ಜನನ್ನು ಒಂದು ಮಾತು ಕೇಳಲಿಲ್ಲ. ಸೇತುವೆ ಬಂತು, ದೋಣಿ ಹೋಯಿತು, ಅಜ್ಜನೂ ಹೋದರು.

ನಾನು ಬಿದ್ದದ್ದು ಗಾಲ್ಫ್ ಕೋರ್ಸಿನಲ್ಲಿ. ಗಾಲ್ಫ್ ಮೈದಾನದ ಹಾಗೆ ಇಲ್ಲೂ ಗುಂಡಿಗಳಿವೆ, ಅದಕ್ಕೇ ಆ ಹೆಸರು ಎಂದು ಗೈಡ್ ನಗುತ್ತ ಹೇಳಿದ್ದ. ದೋಣಿ ಅಲೆಯ ನೆತ್ತಿಗೆ ಹತ್ತಿ ನನ್ನ ಬದಿ ಮೇಲೆದ್ದಾಗ ನನ್ನ ಹುಟ್ಟಿಗೆ ನೀರೇ ಸಿಗಲಿಲ್ಲ. ಜೋರಾಗಿ ಗಾಳಿಗೆ ಹಾಕಿದೆ. ಆ ಜೋರಿಗೆ ನಾನೇ ಮಗುಚಿದೆ. ಕಿವಿಯಲ್ಲಿ ಗಿರಣಿಯ ಸದ್ದು, ಕಣ್ಣಿಗೆ ಹಸಿರು, ಬಿಳಿ. ಎರಡು ಮೂರು ಸೆಕೆಂಡಿನಲ್ಲಿ ಜಾಕೆಟ್ ಮೇಲೆ ತಂದಿತು ಎಂದು ಆಮೇಲೆ ಅವರು ಹೇಳಿದರು. ನನಗೆ ಅದು ಅಷ್ಟು ಚಿಕ್ಕದಾಗಿರಲಿಲ್ಲ. ಅಂಗಾತ ತಿರುಗಿದೆ. ಒಂದು ಅಲೆ ನುಂಗಿದೆ, ಇನ್ನೊಂದಕ್ಕೆ ಬಾಯಿ ಮುಚ್ಚಿದೆ. ಸೆಳವು ನನ್ನನ್ನು ಎಡದಡದ ಕಡೆ ತಂದಿತು. ಅಲ್ಲಿ ನೀರು ತೆಳುವಾಗಿ ಉರುಟು ಕಲ್ಲುಗಳ ಮೇಲೆ ಓಡುತ್ತಿತ್ತು.

ಹಿಮ್ಮಡಿಗೆ ಕಲ್ಲು ತಾಗಿತು. ಇನ್ನೊಂದು ತಾಗಿತು. ಮಕ್ಕಳೇ, ಆ ಹೊತ್ತಿಗೆ ಮೈ ತಾನಾಗಿ ಏನು ಹೇಳುತ್ತದೆ ಗೊತ್ತೇ? ನಿಂತುಕೋ ಎನ್ನುತ್ತದೆ. ದಡ ಹತ್ತು ಮಾರು ದೂರ, ಕೆಳಗೆ ಗಟ್ಟಿ ನೆಲ, ನಿಂತರೆ ಬದುಕಿದೆ ಎನ್ನುತ್ತದೆ. ನಾನು ಕೂಗಿರದಿದ್ದರೂ ಅವನ ಮೈ ಅವನಿಗೆ ಅದನ್ನೇ ಹೇಳುತ್ತಿತ್ತೋ ಏನೋ. ಇದನ್ನು ನಾನು ನನ್ನ ತಪ್ಪು ಮುಚ್ಚಲಿಕ್ಕೆ ಹೇಳುತ್ತಿಲ್ಲ. ನನ್ನ ಬಲಗಾಲು ಆಗಲೇ ಕೆಳಗೆ ಇಳಿಯುತ್ತಿತ್ತು. ದೋಣಿಯಿಂದ ಮೇಡಂ ದನಿ ಕೇಳಿತು. "ಫೀಟ್ ಅಪ್! ಫೀಟ್ ಅಪ್!" ಕಾಲನ್ನು ಎಳೆದು ಮೇಲೆ ತಂದೆ. ಎರಡೂ ಹೆಬ್ಬೆರಳು ನೀರಿನ ಮೇಲೆ ಕಂಡವು. ಅವನ್ನೇ ನೋಡುತ್ತ ಮಲಗಿದೆ.

ಮುಂದೆ ಹೋಗಿದ್ದ ಇನ್ನೊಂದು ದೋಣಿ ಬಂಡೆಯ ಮರೆಯಲ್ಲಿ ಕಾದು ನಿಂತಿತ್ತು. ಅದರಿಂದ ಒಂದು ಚೀಲ ಹಾರಿ ಬಂತು, ಹಿಂದೆ ಹಗ್ಗ ಬಿಚ್ಚುತ್ತ. ಮೊದಲನೆಯದು ತಪ್ಪಿತು, ಎರಡನೆಯದು ಎದೆಯ ಮೇಲೇ ಬಿತ್ತು. ಹಗ್ಗವನ್ನು ಎದೆಗೆ ಅವುಚಿ, ಹೆಗಲ ಮೇಲಿನಿಂದ ಹೋಗುವ ಹಾಗೆ ಹಿಡಿದರೆ ನೀರೇ ನಮ್ಮನ್ನು ದಡದ ಕಡೆ ತೂಗಿ ತರುತ್ತದೆ. ದೋಣಿಗೆ ಎಳೆದುಕೊಳ್ಳುವಾಗ ಕೈ ಹಿಡಿದು ಎಳೆಯುವುದಿಲ್ಲ. ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿದು ಹಿಂದಕ್ಕೆ ಬೀಳುತ್ತಾರೆ, ಬಿದ್ದವನು ಮೀನಿನ ಹಾಗೆ ಒಳಗೆ ಬರುತ್ತಾನೆ. ಹಾಗೆ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗಾಸ್ನಾನವಾಯಿತು.

ಕೆಳಗೆ ದಂಡೆಯಲ್ಲಿ ಮ್ಯಾಗಿ, ಚಹಾ ಮಾರುವ ಗೂಡಂಗಡಿ ಇದೆ. ಹುಡುಗರೆಲ್ಲ ಬಂಡೆಯ ಮೇಲಿಂದ ಧುಮುಕುವ ಆಟಕ್ಕೆ ಹೋದರು. ನನ್ನ ಕೈಯ ಲೋಟ ನಡುಗುತ್ತಿತ್ತು. ಚಳಿಯೇ ಎಂದು ಮೇಡಂ ಕೇಳಿದರು. ಆಗ ಅವರಿಗೆ ಹೇಳಿದೆ, ಕಲ್ಲುಸಾರ, ಶನಿವಾರ, ನಾನು ಕೂಗಿದ ಮಾತು, ಎಲ್ಲ. ಮೊದಲ ಸಲ ಹೇಳಿದ್ದು ನಮ್ಮ ಭಾಷೆ ಬಾರದವರ ಹತ್ತಿರ, ಅರೆಬರೆ ಇಂಗ್ಲಿಷಿನಲ್ಲಿ. ಅವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು, "ಆ ಶಾಲೆ ಈಗಲೂ ಅಲ್ಲೇ ಇದೆಯೇ?" ಇದೆ ಎಂದೆ. "ಹೊಳೆ?" ಅದೂ ಇದೆ. "ಹಾಗಾದರೆ ಈಗ ಆ ಮಕ್ಕಳಿಗೆ ಏನು ಹೇಳಿಕೊಡುತ್ತೀರಿ?"

ಒಂದು ಬೋರ್ಡು ಇದೆ ಎಂದೆ.

ಅವರ ಊರಿನಲ್ಲಿ ಪ್ರಾಥಮಿಕ ಶಾಲೆಗೇ ಒಂದು ಸಣ್ಣ ಈಜುಕೊಳವಿತ್ತಂತೆ. ಬಟ್ಟೆ, ಬೂಟು ಹಾಕಿಕೊಂಡೇ ತೇಲುವುದನ್ನು ಕಲಿಸಿದ್ದರಂತೆ, ಏಕೆಂದರೆ ನಿಜವಾಗಿ ನೀರಿಗೆ ಬೀಳುವವರು ಬಟ್ಟೆ ಹಾಕಿಕೊಂಡೇ ಬೀಳುತ್ತಾರೆ. ಅಷ್ಟಾದರೂ ನಮ್ಮಲ್ಲಿಯೂ ಹೊಳೆಗೆ ಹೋಗುವವರು ಹೋಗುತ್ತಾರೆ ಎಂದೂ ಹೇಳಿದರು. ಅವರ ದೇಶ ದೊಡ್ಡದು, ನಮ್ಮದು ಸಣ್ಣದು ಎಂದು ಹೇಳಲಿಕ್ಕೆ ನಾನು ಇಲ್ಲಿ ನಿಂತಿಲ್ಲ.

ಅಲ್ಲಿಂದ ಬಂದು ನೋಯ್ಡಾದ ಒಂದು ಕೊಳದಲ್ಲಿ ಈಜು ಕಲಿತೆ. ನಲವತ್ತರ ಹೊಟ್ಟೆ ಹೊತ್ತುಕೊಂಡು ಆರು ವರ್ಷದ ಮಕ್ಕಳ ಸಾಲಿನಲ್ಲಿ ಕೊಳದ ಅಂಚು ಹಿಡಿದು ಕಾಲು ಬಡಿದೆ. ಪಕ್ಕದ ಪುಟ್ಟ ಹುಡುಗಿಯೊಬ್ಬಳು 'ಅಂಕಲ್, ಹೊಟ್ಟೆ ಮೇಲೆತ್ತಿ' ಎಂದು ದಿನಾ ಜ್ಞಾಪಿಸುತ್ತಿದ್ದಳು. ಅಷ್ಟು ಮಾಡಿದವನು ಊರಿಗೆ ಬಂದು ಈ ಮಾತು ಹೇಳಲಿಕ್ಕೆ ಹದಿಮೂರು ವರ್ಷ ತೆಗೆದುಕೊಂಡೆ. ಅದಕ್ಕೆ ನನ್ನ ಬಳಿ ನೆಪವಿಲ್ಲ.

ನಿನ್ನೆ ಸಂಜೆ ಅವನ ಅಕ್ಕನ ಮನೆಗೆ ಹೋಗಿದ್ದೆ. ಈ ಭಾಷಣದಲ್ಲಿ ಇದನ್ನು ಹೇಳಬಹುದೇ ಎಂದು ಕೇಳಬೇಕಿತ್ತು, ಅದಕ್ಕೂ ಮೊದಲು ಆ ಕೂಗಿದ ಮಾತನ್ನು ಹೇಳಬೇಕಿತ್ತು. ಅಕ್ಕ ಅಡಿಕೆ ಸುಲಿಯುತ್ತಿದ್ದರು. ಕತ್ತಿ ನಿಲ್ಲಿಸದೆ ಕೇಳಿದರು. "ನೀ ಕೂಗಿದ್ದು ನಂಗೆ ಅವತ್ತೇ ಗೊತ್ತಿತ್ತು ಮಾರಾಯ. ಆಚೆ ದಡದಲ್ಲಿ ಬಟ್ಟೆ ಒಗೀತಿದ್ದೋರು ಬಂದು ಅಮ್ಮಂಗೆ ಹೇಳಿದ್ರು. ಅಮ್ಮ ಏನಂದ್ಲು ಗೊತ್ತಾ? ನಾನಿದ್ರೂ ಅದನ್ನೇ ಕೂಗ್ತಿದ್ದೆ ಅಂದ್ಲು." ಆಮೇಲೆ ಕಾಫಿ ಕೊಟ್ಟು, "ಹೇಳು. ಮಕ್ಳಿಗೆ ಕೇಳೋ ಹಾಗೆ ಜೋರಾಗಿ ಹೇಳು" ಎಂದರು. ಅವರು ಅಲ್ಲಿ ಹಿಂದಿನ ಸಾಲಿನಲ್ಲಿದ್ದಾರೆ. ಅಕ್ಕಾ, ಕೇಳಿಸುತ್ತಿದೆ ಅಂದುಕೊಂಡಿದ್ದೇನೆ.

ಈ ಸ್ಮರಣ ಸಂಚಿಕೆಯಲ್ಲಿ ಐವತ್ತು ವರ್ಷದ ರ‍್ಯಾಂಕಿನವರ ಪಟ್ಟಿ ಇದೆ, ಕ್ರೀಡೆಯಲ್ಲಿ ಗೆದ್ದವರ ಪಟ್ಟಿ ಇದೆ, ದಾನಿಗಳ ಪಟ್ಟಿ ಇದೆ. ಹೊಳೆಗೆ, ಹಳ್ಳಕ್ಕೆ, ಕೆರೆಗೆ ಹೋದ ನಮ್ಮ ಮಕ್ಕಳ ಪಟ್ಟಿ ಇಲ್ಲ. ಬರೆಯಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಇಲ್ಲಿ ಕೂತ ಪ್ರತಿಯೊಬ್ಬರಿಗೂ ಒಂದಾದರೂ ಹೆಸರು ನೆನಪಾಗುತ್ತಿದೆ ಎಂದು ನನಗೆ ಗೊತ್ತು. ಬೋರ್ಡು ಇದ್ದರೂ ಮಕ್ಕಳು ಹೊಳೆಗೆ ಹೋಗುತ್ತಾರೆ, ನಾವೂ ಹೋಗಿದ್ದೆವು. ಹೋದವರಿಗೆ ಅಲ್ಲಿ ಏನು ಮಾಡಬೇಕೆಂದು ಗೊತ್ತಿರಬೇಕು, ನನ್ನ ಬೇಡಿಕೆ ಅಷ್ಟೇ.

ಎರಡು ಮೂರು ವಿಷಯ ಬೇಗ ಹೇಳಿಬಿಡುತ್ತೇನೆ, ಊಟದ ಹೊತ್ತಾಯಿತು. ಓಡುವ ನೀರಿನಲ್ಲಿ ನಿಲ್ಲಬೇಡಿ ಎನ್ನುವುದನ್ನು ಆಗಲೇ ಹೇಳಿದೆ. ದಡದಲ್ಲಿರುವವರು 'ಕಾಲೂರು' ಎಂದು ಕೂಗಬೇಡಿ, 'ಕಾಲು ಮೇಲೆ, ಅಂಗಾತ ಮಲಗು' ಎಂದು ಕೂಗಿ. ಹಳ್ಳಕ್ಕೆ ಈಚೆಗೆ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಹಲಗೆ ಹಾಕಿದ ಮೇಲೆ ನೀರು ತುಂಬಿ ಮೇಲಿನಿಂದ ಒಂದೇ ಸಮನೆ ಪರದೆಯ ಹಾಗೆ ಇಳಿಯುತ್ತದೆ, ನೋಡಲಿಕ್ಕೆ ಚೆಂದ, ಹುಡುಗರು ಅದರ ಕೆಳಗೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ನೀರು ಜೋರಾದ ದಿನ ಅದರ ಬುಡಕ್ಕೆ ಹೋಗಬೇಡಿ. ಬಂಡೆಯ ಹಿಂದಿನ ಗುಂಡಿಯ ವಿಷಯ ಹೇಳಿದೆನಲ್ಲ, ಇಲ್ಲಿ ಅದು ದಡದಿಂದ ದಡದವರೆಗೂ ಇರುತ್ತದೆ. ಗಂಗೆಯ ಗುಂಡಿಗೆ ಪಕ್ಕದಿಂದ ಜಾರಿಕೊಳ್ಳಲು ಜಾಗವಿರುತ್ತದೆ, ಇದಕ್ಕಿಲ್ಲ. ಅಣೆಕಟ್ಟಿನ ಕೆಳಗಿನ ಹೊಳೆಗಳಿಗೆ ಪ್ರವಾಸ ಹೋದಾಗಲೂ ನೀರು ಹೀಗೇ ಇರುತ್ತದೆ ಎಂದು ನಂಬಬೇಡಿ. 2014ರ ಜೂನಿನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿರುವಾಗ ಮೇಲಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ಒಬ್ಬನನ್ನು ಉಳಿಸಲು ಹೋಗಿ ಅಣ್ಣತಮ್ಮಂದಿರು ಮೂವರೂ ಹೋದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಗಳ ಚಾಚಿ, ಅಡಿಕೆ ದಬ್ಬೆ ಚಾಚಿ. ಸೀರೆ ಐದೂವರೆ ಮೀಟರ್ ಇರುತ್ತದೆ, ಎರಡು ಗಂಟು ಹಾಕಿದರೆ ಹನ್ನೊಂದು. ಖಾಲಿ ಕ್ಯಾನು ಮುಚ್ಚಳ ಬಿಗಿದು ಎಸೆಯಿರಿ, ಹಿಡಿದುಕೊಂಡು ತೇಲಬಹುದು. ಎತ್ತಿದ ಮೇಲೆ ತಲೆಯ ಮೇಲಿಟ್ಟು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇವನ್ನು ಬಿಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಅದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಮಾಡಿ ಕಲಿಯಬೇಕು. ಆರೋಗ್ಯ ಕೇಂದ್ರದ ಸಿಸ್ಟರ್ ತೋರಿಸಿಕೊಡಲು ಒಪ್ಪಿದ್ದಾರೆ.

ಅಮ್ಮನಿಗೆ ಆವತ್ತು ಗಂಗಾಜಲ ತಂದುಕೊಟ್ಟಿದ್ದೆ. ಶಾಲೆಗೆ ಇವತ್ತು ಐದು ಚೀಲ ತಂದಿದ್ದೇನೆ, ಅಲ್ಲಿ ಮೇಜಿನ ಮೇಲಿರುವ ಕೆಂಪು ಚೀಲಗಳು. ಒಂದೊಂದರಲ್ಲೂ ಇಪ್ಪತ್ತು ಮೀಟರ್ ಹಗ್ಗ. ಬಾವಿಗೆ ಕಟ್ಟುವ ನೈಲಾನ್ ಹಗ್ಗ ನೀರಿನಲ್ಲಿ ಮುಳುಗುತ್ತದೆ, ಇದು ಪಾಲಿಪ್ರೊಪಿಲೀನ್, ತೇಲುತ್ತದೆ. ಆದ್ದರಿಂದ ದಯವಿಟ್ಟು ಯಾರೂ ಬದಲಾಯಿಸಿಕೊಳ್ಳಬೇಡಿ, ದನ ಕಟ್ಟಲಿಕ್ಕೂ ಒಯ್ಯಬೇಡಿ. ಮೂರು ಶಾಲೆಗೆ, ಒಂದು ಕಲ್ಲುಸಾರದ ಹತ್ತಿರದ ಅಂಗಡಿಗೆ, ಒಂದು ಕಿಂಡಿ ಅಣೆಕಟ್ಟಿನ ಪಕ್ಕದ ಮನೆಗೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಆಟದ ಬಯಲಿನಲ್ಲಿ ಎಸೆಯುವುದನ್ನು ತೋರಿಸುತ್ತೇನೆ. ಒಂದು ತುದಿ ಕೈಯಲ್ಲಿ ಉಳಿಸಿಕೊಂಡು ಎಸೆಯಬೇಕು. ನಾನು ಮೊದಲ ಸಲ ಎಸೆದಾಗ ಹಗ್ಗದ ಸಮೇತ ಚೀಲವೇ ಹೋಯಿತು. ಹತ್ತನೆಯ ತರಗತಿಯವರು ಎಲ್ಲರೂ ಬನ್ನಿ, ಹೆಣ್ಣುಮಕ್ಕಳೂ. ದೈಹಿಕ ಶಿಕ್ಷಕರು ಬೀಗದ ಕೋಣೆಯಲ್ಲಿ ಇಡದೆ ವರಾಂಡದ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತೇನೆ ಎಂದಿದ್ದಾರೆ, ಇಲಿ ಕಡಿಯದ ಎತ್ತರದಲ್ಲಿ, ಎಂಟನೆಯ ತರಗತಿಯ ಮಕ್ಕಳ ಕೈಗೆ ಎಟುಕುವ ಹಾಗೆ.